ಒಬ್ಬಳಿಗೇ ಪಾಠವೋ, ಗುಂಪಿನಲ್ಲೋ? ಬಳ್ಳಾರಿಯ ಒಂದು ಮನೆಯ ಪಿಯಾನೊ ಪ್ರಕರಣ

ಬಳ್ಳಾರಿಯ ಗಾಂಧಿನಗರದ ಒಂದು ಮನೆ. ಅಪ್ಪನದು ಜೀನ್ಸ್ ಹೊಲಿಸುವ ಚಿಕ್ಕ ಘಟಕ. ಅಮ್ಮ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅಜ್ಜ ಒಂದು ಕಾಲಕ್ಕೆ ನಾಟಕಗಳಿಗೆ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದರು, ಈಗ ಭಜನೆಗೆ ನುಡಿಸುತ್ತಾರೆ. ಮಗಳಿಗೆ ಎಂಟು ವರ್ಷ. ಅವಳ ತಮ್ಮನಿಗೆ ಇನ್ನೂ ಐದು ತುಂಬಿಲ್ಲ.

ಹುಡುಗಿ ಒಂದು ವರ್ಷದಿಂದ ಶನಿವಾರ, ಭಾನುವಾರ ಕೀಬೋರ್ಡ್ ಕ್ಲಾಸಿಗೆ ಹೋಗುತ್ತಿದ್ದಳು. ಒಂದು ಬ್ಯಾಚಿಗೆ ಎಂಟು ಮಕ್ಕಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಹಾಡು ನುಡಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದಳು. ಆಮೇಲೆ ಯೂಟ್ಯೂಬ್‌ನಲ್ಲಿ ತನ್ನ ವಯಸ್ಸಿನ ಯಾವುದೋ ಮಗು ಪಿಯಾನೊ ನುಡಿಸುವುದನ್ನು ನೋಡಿದಳು. ಆ ಮಗುವಿನ ಎರಡೂ ಕೈ ಬೇರೆ ಬೇರೆ ಕೆಲಸ ಮಾಡುತ್ತಿದ್ದವು. 'ನನಗೆ ಯಾಕೆ ಹೀಗೆ ಬರಲ್ಲ?' ಅಂತ ಅಮ್ಮನನ್ನು ಕೇಳಿದಳು. ಅಮ್ಮನ ಹತ್ತಿರ ಉತ್ತರ ಇರಲಿಲ್ಲ.

ಆ ಅಮ್ಮ ಮತ್ತು ನಾನು ಒಂದೇ ಶಾಲೆಯಲ್ಲಿ ಕೆಲಸ ಮಾಡುತ್ತೇವೆ. ಸಂಗೀತ ನನ್ನ ವಿಷಯವಾದ್ದರಿಂದ ಪ್ರಶ್ನೆ ಸ್ಟಾಫ್ ರೂಮಿಗೆ ಬಂತು. ಇದೇ ಗುಂಪಿನಲ್ಲಿ ಮುಂದುವರಿಸೋದಾ, ಅಥವಾ ಮೂರು ಪಟ್ಟು ಫೀಸು ಕೊಟ್ಟು ಒಬ್ಬಳಿಗೇ ಹೇಳಿಕೊಡುವ ಮೇಷ್ಟ್ರನ್ನು ಹಿಡಿಯೋದಾ? ಆಮೇಲೆ ಏನೇನಾಯಿತು ಅನ್ನುವುದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾರೆ. ಅವರ ಪ್ರಶ್ನೆಯೇ ಊರಿನ ಇನ್ನೂ ಹಲವು ಮನೆಗಳಲ್ಲಿದೆ.

ಅಮ್ಮನ ಲೆಕ್ಕ

ಗಣಿತದವರಲ್ವಾ, ಮೊದಲು ಪೆನ್ನು ತೆಗೆದರು. ಗುಂಪಿನ ಕ್ಲಾಸಿಗೆ ತಿಂಗಳಿಗೆ 1,000 ರೂಪಾಯಿ. ತಿಂಗಳಿಗೆ ಎಂಟು ಕ್ಲಾಸು, ಒಂದೊಂದು ಒಂದು ಗಂಟೆ. ಎಂಟು ಮಕ್ಕಳಿಗೆ 60 ನಿಮಿಷ ಹಂಚಿದರೆ ಒಬ್ಬರಿಗೆ ಏಳೂವರೆ ನಿಮಿಷ. ಅಂದರೆ ಇಡೀ ತಿಂಗಳಲ್ಲಿ ಮೇಷ್ಟ್ರು ಇವಳ ಪಕ್ಕ ಇರುವುದು 60 ನಿಮಿಷ. ಖಾಸಗಿ ಮೇಷ್ಟ್ರು ಕೇಳಿದ್ದು 3,000. ವಾರಕ್ಕೊಮ್ಮೆ 45 ನಿಮಿಷ, ತಿಂಗಳಿಗೆ 180 ನಿಮಿಷ. ಎರಡನ್ನೂ ಭಾಗಿಸಿದರೆ ನಿಮಿಷಕ್ಕೆ ಸುಮಾರು 17 ರೂಪಾಯಿ! ಯಾವುದೂ ಅಗ್ಗ ಅಲ್ಲ, ಯಾವುದೂ ದುಬಾರಿ ಅಲ್ಲ.

ಈ ಲೆಕ್ಕ ನೋಡಿ ಅಪ್ಪ, 'ಹಂಗಾದ್ರೆ ಒಬ್ಬಳಿಗೇ ಹೇಳಿಸೋಣ, ನಿಮಿಷ ಜಾಸ್ತಿ ಸಿಗ್ತದಲ್ಲ' ಅಂದರು. ನನಗೆ ಅಲ್ಲೇ ಅನುಮಾನ. ಮೇಷ್ಟ್ರು ಬೇರೆ ಮಕ್ಕಳ ಹತ್ತಿರ ಇರುವ ಐವತ್ತೆರಡೂವರೆ ನಿಮಿಷ ಇವಳಿಗೆ ಸುಮ್ನೆ ಹೋಗುತ್ತದೆ ಅಂತ ಈ ಲೆಕ್ಕ ಹಿಡಿದುಕೊಂಡಿದೆ. ನಿಜವಾದ ಗುಂಪಿನ ಪಾಠದಲ್ಲಿ ಆ ಹೊತ್ತು ಹೋಗಬಾರದು. ಒಬ್ಬ ಹುಡುಗ ತಪ್ಪಿದರೆ ಉಳಿದವರ ಕಿವಿ ಅದನ್ನು ಹಿಡಿಯಬೇಕು. ಒಬ್ಬಳು ನುಡಿಸುವಾಗ ಉಳಿದವರು ತಾಳ ಹಾಕಬೇಕು. ಹಾಗಿದ್ದರೆ 60 ನಿಮಿಷವೂ ಅವಳದೇ. ಹಾಗಿದೆಯೋ ಇಲ್ಲವೋ ಅನ್ನುವುದನ್ನು ಹೋಗಿಯೇ ನೋಡಬೇಕು. ಅಮ್ಮ ಮೇಷ್ಟ್ರ ಒಪ್ಪಿಗೆ ಕೇಳಿದರು. ನಾವಿಬ್ಬರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು.

ಆ ಕೋಣೆಯಲ್ಲಿ ಕಂಡದ್ದು

ಎಂಟು ಮಕ್ಕಳು, ಆರು ಕೀಬೋರ್ಡು. ವಯಸ್ಸು ಆರರಿಂದ ಹದಿನಾಲ್ಕು. ಎಲ್ಲರ ಕಿವಿಗೂ ಹೆಡ್‌ಫೋನು. ಒಬ್ಬ ಸಿನಿಮಾ ಹಾಡು, ಇನ್ನೊಬ್ಬಳು ಜನ್ಮದಿನದ ಹಾಡು, ಮತ್ತೊಬ್ಬ ಸ್ವರಗಳನ್ನು ಸಾಲಾಗಿ ನುಡಿಸುವ ಸ್ಕೇಲು. ಮೇಷ್ಟ್ರು ಒಬ್ಬೊಬ್ಬರ ಹತ್ತಿರ ಬಂದು ಹೆಡ್‌ಫೋನ್ ತೆಗೆಸಿ ಕೇಳುತ್ತಾರೆ, ಮುಂದಿನ ಸಾಲು ತೋರಿಸುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಒಳ್ಳೆಯ ಮನುಷ್ಯ. ಮಕ್ಕಳಿಗೆ ಅವರೆಂದರೆ ಪ್ರೀತಿ. ಆದರೆ ಅಲ್ಲಿ ನಡೆಯುತ್ತಿದ್ದದ್ದು ಗುಂಪಿನ ಪಾಠ ಅಲ್ಲ. ಒಂದೇ ಕೋಣೆಯಲ್ಲಿ ಎಂಟು ಚೂರು ಚೂರು ಖಾಸಗಿ ಪಾಠ. ಒಂದು ಮಗು ಏನು ನುಡಿಸಿತು ಅಂತ ಪಕ್ಕದ ಮಗುವಿಗೆ ಗೊತ್ತೇ ಇಲ್ಲ.

ನಮ್ಮ ಹುಡುಗಿ ವಾರ್ಷಿಕೋತ್ಸವದ ಹಾಡನ್ನು ನುಡಿಸಿ ತೋರಿಸಿದಳು. ರಿದಮ್ ಬಟನ್ ಒತ್ತಿದ ಕೂಡಲೇ ಡ್ರಮ್ಮು, ಬೇಸು ಎಲ್ಲ ಶುರು. ಎಡಗೈಯ ಒಂದು ಬೆರಳು ಒಂದು ಕೀ ಒತ್ತಿದರೆ ಯಂತ್ರವೇ ಪೂರ್ತಿ ಕಾರ್ಡ್ (ಹಲವು ಸ್ವರಗಳ ಗುಚ್ಛ) ನುಡಿಸುತ್ತದೆ. ಬಲಗೈಯ ಎರಡು ಮೂರು ಬೆರಳು ಹಾಡಿನ ಮೇಲೆ ಓಡುತ್ತವೆ. ಕೇಳಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ನಾನು ರಿದಮ್ ಆಫ್ ಮಾಡಿ ಇನ್ನೊಂದು ಸಲ ಅಂದೆ. ಮೂರನೇ ಸಾಲಿಗೆ ಲಯ ಕೈಬಿಟ್ಟಿತು.

ಇನ್ನೊಂದು ವಿಷಯ ನೋಡಿ ನನಗೆ ನಗು ಬಂತು. ಅಜ್ಜ ಹಾಡುವುದು ಕಪ್ಪು ಒಂದರ, ಅಂದರೆ ಮೊದಲ ಕಪ್ಪು ಕೀಯ, ಶ್ರುತಿಗೆ. ಮನೆಯಲ್ಲಿ ಅಜ್ಜನ ಜೊತೆ ನುಡಿಸುವಾಗ ಇವಳು ಇಡೀ ಕೀಬೋರ್ಡಿನ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಒಂದು ಮೆಟ್ಟಿಲು ಏರಿಸಿಕೊಂಡು ಬಿಳಿ ಒಂದರಿಂದಲೇ ನುಡಿಸುತ್ತಿದ್ದಳು. ಜಾಣತನವೇ. ಆದರೆ ಕಪ್ಪು ಕೀಗಳಿಗೆ ಅವಳ ಬೆರಳು ಹೋಗಿಯೇ ಇರಲಿಲ್ಲ.

ಗುಂಪಿನಲ್ಲಿ ಪಿಯಾನೊ ಕಲಿಸುವುದು ಹೊಸದಲ್ಲ. ಜರ್ಮನಿಯಲ್ಲಿ ಹುಟ್ಟಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ನೆಲೆಸಿದ ಜೋಹಾನ್ ಬರ್ನಾರ್ಡ್ ಲೋಜಿಯರ್ ಎಂಬ ಮೇಷ್ಟ್ರು 200 ವರ್ಷಗಳ ಹಿಂದೆಯೇ ಒಂದೇ ಕೋಣೆಯಲ್ಲಿ ಹಲವು ಪಿಯಾನೊ ಇಟ್ಟು ಮಕ್ಕಳಿಗೆ ಒಟ್ಟಿಗೆ ಕಲಿಸಿದ. 1814ರಲ್ಲಿ ಅವನು ಒಂದು ಸಾಧನಕ್ಕೆ ಪೇಟೆಂಟ್ ಪಡೆದ. ಹೆಸರು ಕೈರೋಪ್ಲಾಸ್ಟ್. ಪಿಯಾನೊದ ಮುಂದೆ ಜೋಡಿಸುವ ಒಂದು ಚೌಕಟ್ಟು. ಮಗುವಿನ ಮಣಿಕಟ್ಟನ್ನು, ಬೆರಳುಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವುದು ಅದರ ಕೆಲಸ. ಆಗಿನ ಕಾಲದಲ್ಲೇ ಅದಕ್ಕೆ ಬೈದವರೂ ಇದ್ದರು, ಹೊಗಳಿದವರೂ ಇದ್ದರು. ಗುಂಪಿನ ಪಾಠ ಶುರು ಮಾಡಿದವನಿಗೇ ಕೈಗಳನ್ನು ಹಿಡಿದಿಡುವ ಯಂತ್ರವೂ ಬೇಕಾಯಿತು ನೋಡಿ. ಒಬ್ಬ ಮೇಷ್ಟ್ರ ಎರಡು ಕಣ್ಣು ಅಷ್ಟೊಂದು ಕೈಗಳ ಮೇಲೆ ಇರಲು ಆಗುವುದಿಲ್ಲ. ನಮ್ಮ ಹುಡುಗಿಯ ಹೆಬ್ಬೆರಳು ಒಂದು ವರ್ಷ ಕೀಬೋರ್ಡಿನ ಹೊರಗೇ ನೇತಾಡುತ್ತಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ.

ಖಾಸಗಿ ಮೇಷ್ಟ್ರ ಮೊದಲ ಪಾಠ

ಮೇಷ್ಟ್ರು ಕಂಟೋನ್ಮೆಂಟ್ ಕಡೆಯವರು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾ ಬೆಳೆದವರು. ಐದು ಗೆರೆಗಳ ಸ್ವರಲಿಪಿಯಾದ ಸ್ಟಾಫ್ ನೊಟೇಶನ್ ಓದುವುದರಲ್ಲಿ ಪಳಗಿದವರು. ಒಂದು ಪಾಠ ನೋಡಿ ಆಮೇಲೆ ಹೇಳಿ ಅಂದರು. ಆ ಪಾಠಕ್ಕೂ ನಾನು ಹೋದೆ.

ಅವರು ಹಾಡು ನುಡಿಸು ಅನ್ನಲೇ ಇಲ್ಲ. ಒಂದೇ ಕೀ ತೋರಿಸಿ, ಇದನ್ನು ಜೋರಾಗಿ ನುಡಿಸು ಅಂದರು. ಆಮೇಲೆ ಅದನ್ನೇ ಮೆಲ್ಲಗೆ. ಹುಡುಗಿಗೆ ಎರಡೂ ಒಂದೇ ಥರ ಬಂತು. ಒತ್ತುವ ರೀತಿಗೆ ತಕ್ಕಂತೆ ನಾದ ಏರಿಳಿಸುವ ಕೀಬೋರ್ಡಿನ ಟಚ್ ಆಫ್ ಆಗಿರಬೇಕು ಅಂತ ನೋಡಿದರೆ, ಆನ್ ಇತ್ತು. ಕೈಗೇ ಗೊತ್ತಿರಲಿಲ್ಲ, ಅಷ್ಟೇ.

ಕಾರಣ ಮನೆಯಲ್ಲೇ ಇತ್ತು. ಪೇಟಿಯಲ್ಲಿ ಕೀ ಎಷ್ಟು ಜೋರಾಗಿ ಒತ್ತಿದರೂ ನಾದ ಅಷ್ಟೇ. ಜೋರು, ಮೆಲ್ಲಗೆ ಎಲ್ಲ ಗಾಳಿಯ ಕೈಯಲ್ಲಿದೆ. ಎಡಗೈ ತಿದಿ ಒತ್ತುತ್ತದೆ, ಬಲಗೈ ಸ್ವರ ಹಿಡಿಯುತ್ತದೆ. ಕೀ ಹಿಡಿದಷ್ಟು ಹೊತ್ತು, ಗಾಳಿ ಇರುವಷ್ಟು ಹೊತ್ತು, ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಹಾಗಲ್ಲ. ಕೀ ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಬೆರಳು ಎಷ್ಟು ವೇಗವಾಗಿ ಇಳಿಯಿತೋ ಅಷ್ಟು ಜೋರು. ಹೊಡೆದ ಮೇಲೆ ನಾದ ತಾನಾಗಿ ಕರಗುತ್ತಾ ಹೋಗುತ್ತದೆ, ಕೀ ಹಿಡಿದರೂ ಅಷ್ಟೇ. ಅಜ್ಜನ ಪಕ್ಕ ಕೂತು ಬೆಳೆದ ಬೆರಳು ಒತ್ತಿ ಹಿಡಿಯುವುದನ್ನು ಕಲಿತಿತ್ತು, ಹೊಡೆದು ಬಿಡುವುದನ್ನು ಕಲಿತಿರಲಿಲ್ಲ.

ಎಡಗೈ ಕಥೆಯೂ ಅದೇ. ಪೇಟಿಯಲ್ಲಿ ಅದು ತಿದಿಗೆ ಮೀಸಲು. ಕ್ಲಾಸಿನಲ್ಲಿ ಒಂದು ಬೆರಳಿನ ಕೆಲಸ. ಪಿಯಾನೊದಲ್ಲಿ ಎಡಗೈಗೆ ಬಲಗೈಯಷ್ಟೇ ಕೆಲಸ ಇದೆ, ಓದಲು ಬೇರೆಯದೇ ಐದು ಗೆರೆಗಳ ಸಾಲು ಇದೆ.

ಇನ್ನು ಹೆಬ್ಬೆರಳು. ಬಿಳಿ ಒಂದರಿಂದ ಎಂಟು ಸ್ವರದ ಸ್ಕೇಲು ನುಡಿಸಲು ಕೈಯಲ್ಲಿ ಇರುವುದು ಐದೇ ಬೆರಳು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಆದ ಮೇಲೆ ಹೆಬ್ಬೆರಳು ಕೆಳಗಿಂದ ತೂರಿ ನಾಲ್ಕನೇ ಸ್ವರ ಹಿಡಿಯಬೇಕು. ಉಳಿದ ಬೆರಳು ಅದರ ಹಿಂದೆ ಬರುತ್ತವೆ. ಇದನ್ನು ವಿಡಿಯೋ ನೋಡಿ ಕಲಿಯಬಹುದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೆಬ್ಬೆರಳು ತೂರುವಾಗ ಮೊಣಕೈ ಎದ್ದಿತೋ, ಮಣಿಕಟ್ಟು ಕುಸಿಯಿತೋ ಅಂತ ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಣುತ್ತದೆ. ಬೆಂಗಳೂರಿನ ಮೇಷ್ಟ್ರೊಬ್ಬರ ಆನ್‌ಲೈನ್ ಪಾಠ ಹಿಡಿಯೋಣ ಅಂತ ಅಪ್ಪ ಅಂದಿದ್ದರು. ಮಗುವಿನ ಕೈ ಒಂದು ವರ್ಷ ತಪ್ಪು ಕಲಿತಿರುವಾಗ ಅದು ಬೇಡ ಅಂತ ಅಲ್ಲೇ ಕೈಬಿಟ್ಟೆವು.

ಜೂನ್‌ನಿಂದ ಖಾಸಗಿ ಪಾಠ ಅಂತ ನಿರ್ಧಾರವಾಯಿತು.

ಅದಕ್ಕೆ ಮುಂಚೆ ವಾದ್ಯದ ಮಾತು. ಅಪ್ಪನಿಗೆ ನಿಜವಾದ ಪಿಯಾನೊ ತರುವ ಹುಮ್ಮಸ್ಸು. ಮೇಷ್ಟ್ರೇ ಬೇಡ ಅಂದರು. ಒಳಗೆ 200ಕ್ಕೂ ಹೆಚ್ಚು ತಂತಿ, ಮರದ ಹಲಗೆ, ಫೆಲ್ಟು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು, ಒಣ ಗಾಳಿ, ಧೂಳು. ಟ್ಯೂನ್ ಮಾಡುವವರಿಗಾಗಿ ಈ ಮನೆಯವರು ಊರಲ್ಲಿ ವಿಚಾರಿಸಿದರು, ಯಾರೂ ಸಿಗಲಿಲ್ಲ. ಹಾಗಾಗಿ 61 ಕೀಯ ಹಳೆಯ ಕೀಬೋರ್ಡ್ ಕೊಟ್ಟು, 88 ಕೀ ಇರುವ, ಪಿಯಾನೊದ ಹಾಗೆ ಕೀಗೆ ತೂಕ ಇರುವ ಡಿಜಿಟಲ್ ಪಿಯಾನೊ ತಂದರು. ಎರಡು ಪಾಠದ ವಿಧಾನಗಳ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಪ್ಪ ಅಮ್ಮಂದಿರು ಈ ತೂಕದ ಕೀ ವಿಷಯವನ್ನು ಮರೆತುಬಿಡುತ್ತಾರೆ. ಹಗುರ ಕೀ ಮೇಲೆ ಎಂಥ ಮೇಷ್ಟ್ರು ಬಂದರೂ ಜೋರು, ಮೆಲ್ಲಗೆ ಕಲಿಸುವುದು ಕಷ್ಟ.

ಕೈ ಸರಿಯಾಯಿತು, ಹುಡುಗಿ ಸಪ್ಪಗಾದಳು

ಮೊದಲ ಕೆಲವು ವಾರ ಭರ್ಜರಿಯಾಗಿ ನಡೆಯಿತು. ಹೆಬ್ಬೆರಳು ಒಳಗೆ ಬಂತು. ಬೆರಳು ಬಾಗಿದವು. ಎಡಗೈ ಚಿಕ್ಕ ಚಿಕ್ಕ ಸಾಲು ಓದತೊಡಗಿತು. ಗೌರಿ ಹಬ್ಬದ ಹೊತ್ತಿಗೆ ಅಮ್ಮ ಮತ್ತೆ ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕೂತರು. 'ನುಡಿಸು ಅಂದ್ರೆ ನೀರು ಕುಡೀಬೇಕು ಅಂತಾಳೆ. ಹೋಂವರ್ಕ್ ಇದೆ ಅಂತಾಳೆ. ಮೊದಲು ಹಿಂಗಿರಲಿಲ್ಲ.'

ಮೇಷ್ಟ್ರು ಕಟು ಅಲ್ಲ. ಪಾಠವೂ ಕಷ್ಟದ್ದಲ್ಲ. ಆದರೆ ಮೊದಲು ಶನಿವಾರ ಅಂದರೆ ಏಳು ಜೊತೆಗಾರರು, ಮೆಟ್ಟಿಲ ಮೇಲೆ ಆಟ, ಯಾರು ಯಾವ ಹಾಡು ಕಲಿತರು ಅನ್ನುವ ಜಂಬ. ಈಗ ಒಂದು ಕೋಣೆ, ಒಬ್ಬ ಮೇಷ್ಟ್ರು, ಪಕ್ಕದ ಕುರ್ಚಿಯಲ್ಲಿ ಅಮ್ಮ. ನುಡಿಸುವ ಪ್ರತಿ ಸ್ವರವನ್ನೂ ಇಬ್ಬರು ದೊಡ್ಡವರು ನೋಡುತ್ತಿದ್ದಾರೆ. ಎಂಟು ವರ್ಷದ ಮಗುವಿಗೆ ಅದು ಪ್ರತಿವಾರ ವೈವಾ ಪರೀಕ್ಷೆ.

ಇದಕ್ಕಿಂತ ದೊಡ್ಡ ತೊಂದರೆ ಲಯದ್ದು. ಖಾಸಗಿ ಪಾಠವನ್ನು ಹೊಗಳುವವರು ಇದರ ಬಗ್ಗೆ ಮಾತಾಡುವುದು ಕಡಿಮೆ. ಒಬ್ಬಳೇ ನುಡಿಸುವಾಗ ತಪ್ಪಿದ ಕೂಡಲೇ ನಿಲ್ಲುತ್ತಾಳೆ. ತಪ್ಪಿದ ಸ್ವರ ತಿದ್ದುತ್ತಾಳೆ. ಮತ್ತೆ ಸಾಲಿನ ಮೊದಲಿಗೆ ಹೋಗುತ್ತಾಳೆ. ಯಾರೂ ಕಾಯುತ್ತಿಲ್ಲ, ಅವಸರ ಇಲ್ಲ. ಹೀಗೆ ನಿಂತು ತಿದ್ದುವುದೇ ಒಂದು ಅಭ್ಯಾಸ ಆಗಿಬಿಡುತ್ತದೆ. ಟಿಕ್ ಟಿಕ್ ಅಂತ ಲಯ ಎಣಿಸುವ ಮೆಟ್ರೊನೋಮ್ ಹಾಕಿದರೂ ಮಕ್ಕಳು ಅದನ್ನು ಬಿಟ್ಟು ನಿಲ್ಲುತ್ತಾರೆ. ಇನ್ನೊಬ್ಬರ ಜೊತೆ ನುಡಿಸುವಾಗ ಮಾತ್ರ ಅದು ನಡೆಯುವುದಿಲ್ಲ. ಹೊರಟ ಬಸ್ಸು ನಿಮಗಾಗಿ ಹಿಂದಕ್ಕೆ ಬರುವುದಿಲ್ಲ, ಓಡಿ ಹತ್ತಬೇಕು. ತಪ್ಪಿದ್ದು ತಪ್ಪಿತು ಅಂತ ಬಿಟ್ಟು ತಾಳದ ಮುಂದಿನ ಮಾತ್ರೆಗೆ ಸೇರಿಕೊಳ್ಳುವುದು ಒಂದು ವಿದ್ಯೆ. ಅಜ್ಜನಿಗೆ ಅದು ಭಜನೆಯಲ್ಲಿ ಬಂದಿದೆ. ಮೊಮ್ಮಗಳಿಗೆ ಎರಡೂ ಕ್ಲಾಸಿನಲ್ಲಿ ಬರಲಿಲ್ಲ. ಒಂದು ಕಡೆ ರಿದಮ್ ಬಟನ್, ಇನ್ನೊಂದು ಕಡೆ ಜೊತೆಗೆ ಯಾರೂ ಇಲ್ಲ.

ಜಪಾನಿನಲ್ಲಿ ಈ ಎರಡನ್ನೂ ಸೇರಿಸಿ ಯೋಚಿಸಿದವರು ಇದ್ದಾರೆ. ಯಮಾಹಾ ಕಂಪನಿ 1954ರಲ್ಲಿ ಟೋಕಿಯೊದಲ್ಲಿ ಶುರು ಮಾಡಿದ ಮಕ್ಕಳ ಸಂಗೀತ ತರಗತಿಗಳು ಗುಂಪಿನವೇ. ಆದರೆ ಒಂದೇ ವಯಸ್ಸಿನ ಮಕ್ಕಳು, ಜೊತೆಗೆ ಅಪ್ಪ ಅಥವಾ ಅಮ್ಮ. ಕೇಳುವುದು, ಹಾಡುವುದು, ನುಡಿಸುವುದು ಎಲ್ಲ ಒಟ್ಟಿಗೆ. ವಯಲಿನ್ ಕಲಿಸುತ್ತಿದ್ದ ಶಿನಿಚಿ ಸುಜುಕಿಯವರ ಪದ್ಧತಿಯಲ್ಲಿ ಪ್ರತಿ ಮಗುವಿಗೂ ಒಬ್ಬಂಟಿ ಪಾಠ ಇದೆ, ಅದರ ಮೇಲೆ ಎಲ್ಲರೂ ಕೂಡಿ ನುಡಿಸುವ ಗುಂಪಿನ ಪಾಠವೂ ಇದೆ. ಅವರಿಗೆ ಒಂದು ಇನ್ನೊಂದರ ಬದಲಿ ಅಲ್ಲ. ಬಳ್ಳಾರಿಯಲ್ಲಿ ನಾವು ಎರಡರಲ್ಲಿ ಒಂದನ್ನು ಆರಿಸಲು ಕೂತಿದ್ದೆವು.

ಇಬ್ಬರ ಪಾಠ

ದಾರಿ ತೋರಿಸಿದ್ದು ಮೇಷ್ಟ್ರೇ. ಅವರ ಹತ್ತಿರ ಪಾರ್ವತಿನಗರದ ಇನ್ನೊಂದು ಹುಡುಗಿ ಬರುತ್ತಿದ್ದಳು. ಒಂಬತ್ತು ವರ್ಷ. ಅವಳೂ ಎಡಗೈ ಶುರು ಮಾಡಿದ್ದಳು ಅಷ್ಟೇ. ಇಬ್ಬರನ್ನೂ ಒಟ್ಟಿಗೆ ಕೂರಿಸೋಣ ಅಂದರು. ಅಮೆರಿಕದಲ್ಲಿ ರಾಬರ್ಟ್ ಪೇಸ್ ಎಂಬ ಪಿಯಾನೊ ಶಿಕ್ಷಕರು ಇಂಥ ಜೋಡಿ ಪಾಠವನ್ನೇ ಪ್ರತಿಪಾದಿಸಿದ್ದರು: ವಾರಕ್ಕೊಮ್ಮೆ ಇಬ್ಬರ ಪಾಠ, ಜೊತೆಗೆ ಒಂದು ಗುಂಪಿನ ಪಾಠ. ನಮ್ಮ ಮೇಷ್ಟ್ರು ಅದನ್ನು ಓದಿ ಹೇಳಿದವರಲ್ಲ. ಚರ್ಚಿನ ಹಾಡುವ ತಂಡವಾದ ಕಾಯರ್‌ನಲ್ಲಿ ಇಬ್ಬಿಬ್ಬರನ್ನು ಜೋಡಿಸಿ ಅಭ್ಯಾಸ ಮಾಡಿಸಿದ ಅನುಭವದಿಂದ ಹೇಳಿದರು.

ಅಮ್ಮ ಮತ್ತೆ ಪೆನ್ನು ತೆಗೆದರು. ಪಾಠ ಒಂದು ಗಂಟೆ, ತಲೆಗೆ 2,000. ಮೇಷ್ಟ್ರಿಗೆ ತಿಂಗಳಿಗೆ 240 ನಿಮಿಷಕ್ಕೆ 4,000 ಸಿಗುತ್ತದೆ. ಅದೇ ಸುಮಾರು 17 ರೂಪಾಯಿ. ಯಾರಿಗೂ ನಷ್ಟ ಇಲ್ಲ.

ಆ ಪಾಠಗಳು ಚೆನ್ನಾಗಿದ್ದವು. ಒಬ್ಬಳು ನುಡಿಸುವಾಗ ಇನ್ನೊಬ್ಬಳಿಗೆ ಕೆಲಸ ಇರುತ್ತಿತ್ತು: ಎಣಿಸುವುದು, ಅಥವಾ ಬರೀ ಹೆಬ್ಬೆರಳು ನೋಡುವುದು. ನಮ್ಮ ಹುಡುಗಿ ತನ್ನ ಹೆಬ್ಬೆರಳು ಹೊರಗೆ ಜಾರುವುದನ್ನು ಗಮನಿಸುತ್ತಿರಲಿಲ್ಲ. ಗೆಳತಿಯದು ಜಾರಿದರೆ ಮಾತ್ರ ತಕ್ಷಣ ಬೆರಳು ತೋರಿಸುತ್ತಿದ್ದಳು. ಆಮೇಲೆ ತನ್ನದನ್ನೂ ನೋಡಿಕೊಳ್ಳತೊಡಗಿದಳು. ಅದನ್ನು ಮೇಷ್ಟ್ರು ಹತ್ತು ಸಲ ಹೇಳಿದ್ದರೂ ಆಗಿರಲಿಲ್ಲ.

ಆಮೇಲೆ ನಾಲ್ಕು ಕೈಯ ಪಾಠ. 88 ಕೀ ಇದ್ದದ್ದು ಇಲ್ಲಿ ಕೆಲಸಕ್ಕೆ ಬಂತು. ಒಂದೇ ಬೆಂಚಿನಲ್ಲಿ ಇಬ್ಬರು. ಒಬ್ಬಳು ಮೇಲಿನ ಸ್ವರಗಳಲ್ಲಿ ಹಾಡು, ಇನ್ನೊಬ್ಬಳು ಕೆಳಗಿನ ಸ್ವರಗಳಲ್ಲಿ ಆಸರೆ. ವಾರ ಬಿಟ್ಟು ವಾರ ಜಾಗ ಬದಲು. ನಿಂತು ತಿದ್ದುವ ಚಟ ಇಲ್ಲಿ ನಡೆಯಲಿಲ್ಲ. ನಿಂತರೆ ಪಕ್ಕದವಳು ಮೊಣಕೈಯಿಂದ ತಿವಿಯುತ್ತಿದ್ದಳು!

ಕಪ್ಪು ಕೀಗಳ ಭಯ ಹೋಗಿಸಲು ಮೇಷ್ಟ್ರು ಒಂದು ಆಟ ಆಡಿಸಿದರು. ಬರೀ ಕಪ್ಪು ಕೀ ಮಾತ್ರ ನುಡಿಸಬೇಕು, ಏನು ಬೇಕಾದರೂ ನುಡಿಸಬಹುದು. ಕೆಳಗೆ ಅವರು ಕಪ್ಪು ಮೂರನ್ನು ಹಿಡಿದುಕೊಂಡು ಲಯ ಕೊಡುತ್ತಿದ್ದರು. ಪಾಶ್ಚಾತ್ಯ ಸಂಗೀತ ಕಲಿಸುವವರು ಇದನ್ನು ಎಲ್ಲ ಕಡೆ ಮಾಡುತ್ತಾರೆ. ಐದು ಕಪ್ಪು ಕೀಗಳಲ್ಲಿ ಹೇಗೆ ನುಡಿಸಿದರೂ ಕಿವಿಗೆ ಒರಟಾಗುವುದಿಲ್ಲ. ಅವತ್ತು ಪಾಠ ಗಾಂಧಿನಗರದ ಮನೆಯಲ್ಲಿತ್ತು. ಪಕ್ಕದ ಕೋಣೆಯಿಂದ ಅಜ್ಜ ಬಂದು ನಿಂತರು. 'ಇದು ಭೂಪ್ ಅಲ್ವಾ?'

ಭೂಪ್ ರಾಗವೇ. ಕಪ್ಪು ಮೂರನ್ನು ಸ ಅಂತ ಹಿಡಿದರೆ ಆ ಐದು ಕೀಗಳು ಸ ರಿ ಗ ಪ ಧ. ಕರ್ನಾಟಕ ಸಂಗೀತದವರಿಗೆ ಮೋಹನ. ಮೇಷ್ಟ್ರಿಗೆ ಈ ಹೆಸರು ಗೊತ್ತಿರಲಿಲ್ಲ, ಅಜ್ಜನಿಗೆ ಆ ಆಟ ಗೊತ್ತಿರಲಿಲ್ಲ. ಅಜ್ಜ ಬಿಡಲಿಲ್ಲ. ತಮ್ಮ ಕಪ್ಪು ಒಂದನ್ನು ಸ ಮಾಡಿಕೊಂಡು ಅದೇ ಐದು ಕೀ ನುಡಿಸಿ ಅಂದರು. ದುರ್ಗಾ ಬಂತು. ಕಪ್ಪು ಐದರಿಂದ ಶುರು ಮಾಡಿಸಿದರು. ಮಾಲಕಂಸ. ಒಂದು ಬಿಳಿ ಕೀಯನ್ನೂ ಮುಟ್ಟದೆ ಮೂರು ರಾಗದ ಮೆಟ್ಟಿಲು. ಇಬ್ಬರು ಹುಡುಗಿಯರೂ ಬಾಯಿ ಬಿಟ್ಟು ನೋಡಿದರು. ಟ್ರಾನ್ಸ್‌ಪೋಸ್ ಬಟನ್ ಆಮೇಲೆ ಯಾರಿಗೂ ನೆನಪಾಗಲಿಲ್ಲ. ಆ ವಾರ ಗೆಳತಿ ತನ್ನ ಮನೆಯಲ್ಲಿ, ಇವಳು ಇವಳ ಮನೆಯಲ್ಲಿ ಕಪ್ಪು ಕೀ ಬಿಟ್ಟು ಏಳಲಿಲ್ಲ. ಪೇಟಿ ಇರುವ ಮನೆಯ ಮಕ್ಕಳು ಪಿಯಾನೊಗೆ ಬಂದರೆ ಹಳೆಯ ಅಭ್ಯಾಸ ಅಡ್ಡ ಬರುತ್ತದೆ ಅಂತ ಹೇಳುವುದು ಸುಲಭ. ಅದರ ಜೊತೆ ಕಿವಿಯೂ ಬರುತ್ತದೆ. ನಮ್ಮ ಭಾಗದಲ್ಲಿ ಭಜನೆ, ನಾಟಕ, ಪುರಾಣ ಅಂತ ಪೇಟಿಯ ನಾದ ಕೇಳದ ಓಣಿ ಕಡಿಮೆ. ಇಲ್ಲಿ ಪಾಶ್ಚಾತ್ಯ ಸಂಗೀತ ಕಲಿಸುವವರು ಅದನ್ನು ಉಪಯೋಗಿಸಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಜೋಡಿ ಪಾಠದಲ್ಲಿ ಎಲ್ಲವೂ ಹಬ್ಬವಾಗಿರಲಿಲ್ಲ. ದಸರಾ ರಜೆಯಲ್ಲಿ ನಮ್ಮ ಹುಡುಗಿ ಊರಿಗೆ ಹೋದಳು, ನುಡಿಸಲಿಲ್ಲ. ಗೆಳತಿ ದಿನವೂ ನುಡಿಸಿದಳು. ವಾಪಸ್ ಬಂದಾಗ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಎರಡು ಮೂರು ವಾರ ಮೇಷ್ಟ್ರು ಇವಳಿಗಾಗಿ ಕಾದರು. ಆ ಕಡೆಯ ಅಮ್ಮನಿಗೆ ಅದು ಹಿಡಿಸಲಿಲ್ಲ, ಅವರದೂ ತಪ್ಪಿಲ್ಲ. ಅವರೂ ದುಡ್ಡು ಕೊಡುತ್ತಿದ್ದಾರೆ. ಇಬ್ಬರ ಪಾಠದಲ್ಲಿ ಒಬ್ಬರು ತಪ್ಪಿಸಿಕೊಂಡರೆ ಇನ್ನೊಬ್ಬರ ಪಾಠ ಅರ್ಧ. ಎಂಟು ಜನರ ಕ್ಲಾಸಿನಲ್ಲಿ ಒಬ್ಬರು ಬರದಿದ್ದರೆ ಗೊತ್ತೇ ಆಗುವುದಿಲ್ಲ. ಕೊನೆಗೆ ಮೇಷ್ಟ್ರು ಒಂದು ಷರತ್ತು ಹಾಕಿದರು: ಗಂಟೆಯಲ್ಲಿ ಮೊದಲ ಹತ್ತು ಹತ್ತು ನಿಮಿಷ ಒಬ್ಬೊಬ್ಬರಿಗೇ, ಉಳಿದ 40 ನಿಮಿಷ ಒಟ್ಟಿಗೆ. ಜಗಳ ತಣ್ಣಗಾಯಿತು.

ಬೇಸಿಗೆಯಲ್ಲಿ ಪಾಠ ಬೆಳಿಗ್ಗೆ ಏಳಕ್ಕೆ ಸರಿಯಿತು. ಹನ್ನೊಂದರ ಮೇಲೆ ಮಕ್ಕಳನ್ನು ಈ ಊರಲ್ಲಿ ಯಾರು ಹೊರಗೆ ಕಳಿಸುತ್ತಾರೆ?

ಗೆಳತಿ ಹೋದ ಮೇಲೆ

ಗೆಳತಿಯ ಅಪ್ಪನದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸಂಬಂಧಪಟ್ಟ ಕೆಲಸ. ವರ್ಗವಾಯಿತು. ಶಾಲೆ ಮುಗಿದ ಕೂಡಲೇ ಕುಟುಂಬ ಊರು ಬಿಟ್ಟಿತು. ಜೋಡಿ ಪಾಠದ ದೊಡ್ಡ ದೌರ್ಬಲ್ಯ ಇದು. ಅದೇ ಮಟ್ಟದ, ಅದೇ ವಯಸ್ಸಿನ, ಅದೇ ಹೊತ್ತು ಬಿಡುವಿರುವ ಇನ್ನೊಂದು ಮಗು ಬೆಂಗಳೂರಿನಲ್ಲಿ ಸಿಗಬಹುದು. ಬಳ್ಳಾರಿಯಲ್ಲಿ ಪಿಯಾನೊ ಕಲಿಯುವ ಮಕ್ಕಳೇ ಬೆರಳೆಣಿಕೆ. ಮೇಷ್ಟ್ರು ಒಂದು ಏಳು ವರ್ಷದ ಹುಡುಗನನ್ನು ಜೊತೆಗೆ ಕೂರಿಸಿ ನೋಡಿದರು. ಇವಳು ಅವನಿಗೆ ಟೀಚರ್ ಆಗಿಬಿಟ್ಟಳು. ಇಬ್ಬರಿಗೂ ಲಾಭ ಆಗಲಿಲ್ಲ, ಬಿಟ್ಟರು.

ಈಗ ನಡೆಯುತ್ತಿರುವುದು ಹೀಗೆ. ವಾರಕ್ಕೊಮ್ಮೆ 30 ನಿಮಿಷ ಒಬ್ಬಳಿಗೇ ಪಾಠ. ಫೀಸು ಅದೇ 2,000. ತಿಂಗಳಿಗೊಂದು ಭಾನುವಾರ ಮೇಷ್ಟ್ರ ವಿದ್ಯಾರ್ಥಿಗಳೆಲ್ಲ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಾರೆ. ಐದಾರು ಮಕ್ಕಳು. ಒಬ್ಬೊಬ್ಬರೂ ಒಂದು ನುಡಿಸಬೇಕು, ಉಳಿದವರು ಕೇಳಬೇಕು. ಕೇಳಿ ಒಂದು ಮಾತು ಹೇಳಬೇಕು, 'ಚೆನ್ನಾಗಿತ್ತು' ಅನ್ನುವಂತಿಲ್ಲ, ಏನು ಚೆನ್ನಾಗಿತ್ತು ಅಂತ ಹೇಳಬೇಕು. ಆಮೇಲೆ ಇಬ್ಬಿಬ್ಬರು ಕೂಡಿ ನಾಲ್ಕು ಕೈಯದು. ಅದಕ್ಕೆ ಫೀಸಿಲ್ಲ, ಮಂಡಕ್ಕಿ ಮಿರ್ಚಿ ಆ ಮನೆಯವರದು. ಅಜ್ಜ ಒಂದನ್ನೂ ತಪ್ಪಿಸುವುದಿಲ್ಲ.

45 ನಿಮಿಷ 30 ಆದದ್ದಕ್ಕೆ ಅಮ್ಮನಿಗೆ ಮೊದಲು ಬೇಜಾರಿತ್ತು. ನನಗೆ ಇಲ್ಲ. ಎಂಟು ಒಂಬತ್ತು ವರ್ಷದ ಮಗು ಒಬ್ಬಂಟಿ ಪಾಠದಲ್ಲಿ ಅರ್ಧ ಗಂಟೆಯ ಮೇಲೆ ಕೂತರೂ ಕಿವಿ ಅಲ್ಲಿರುವುದಿಲ್ಲ. ಮನೆಯಲ್ಲಿ ದಿನಕ್ಕೆ 15, 20 ನಿಮಿಷ ನುಡಿಸಿದರೆ ಸಾಕು, ದಿನವೂ ನುಡಿಸಬೇಕು ಅಷ್ಟೇ. ಭಾನುವಾರದ ಕೂಟ ಬಂತು ಅಂದರೆ ಅದು ತಾನಾಗಿಯೇ ಅರ್ಧ ಗಂಟೆ ಆಗುತ್ತದೆ. ಅಮ್ಮ ಕುರ್ಚಿ ಹಾಕಿಕೊಂಡು ಕಾಯುವುದನ್ನೂ ನಿಲ್ಲಿಸಿದ್ದಾರೆ.

ಅಪ್ಪನ ಪ್ರಶ್ನೆ ಸರ್ಟಿಫಿಕೇಟ್. ಟ್ರಿನಿಟಿ ಕಾಲೇಜ್ ಲಂಡನ್‌ನ ಸಂಗೀತ ಪರೀಕ್ಷೆಗಳು ಮೊದಲ ಹಂತವಾದ ಇನಿಷಿಯಲ್‌ನಿಂದ ಗ್ರೇಡ್ 8ರವರೆಗೆ ಇವೆ. ಎಬಿಆರ್‌ಎಸ್‌ಎಂ ಎಂಬ ಇನ್ನೊಂದು ಪರೀಕ್ಷಾ ಸಂಸ್ಥೆಯೂ 1889ರಿಂದ ಇದೆ. 2020ರಿಂದ ವಿಡಿಯೋ ಕಳಿಸಿಯೂ ಪರೀಕ್ಷೆ ಕೊಡಬಹುದು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಕೂತು ಬೆಂಗಳೂರಿಗೆ ಹೋಗಲೇಬೇಕು ಅಂತಿಲ್ಲ. ಮೇಷ್ಟ್ರು ಇನ್ನೊಂದು ವರ್ಷ ಬೇಡ ಅಂದಿದ್ದಾರೆ. ಪರೀಕ್ಷೆಗೆ ಕೂತ ಮಗು ವರ್ಷವಿಡೀ ಮೂರು ನಾಲ್ಕು ತುಣುಕು ಮಾತ್ರ ನುಡಿಸುತ್ತದೆ ಅನ್ನುವುದು ಅವರ ಭಯ. ಪರೀಕ್ಷೆಗೆ ಮಾತ್ರ ಖಾಸಗಿ ಪಾಠ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಈ ಪ್ರಕರಣ ಕೇಳಿದ ಬೇರೆ ಪೋಷಕರು, ಹಾಗಾದರೆ ಆ ಗುಂಪಿನ ಕ್ಲಾಸು ದಂಡ ಅಲ್ವಾ ಅಂತ ಕೇಳುತ್ತಾರೆ. ಹಾಗೆ ಹೇಳಲಾರೆ. ಒಂದು ವರ್ಷ ಆ ಹುಡುಗಿ ಖುಷಿಯಿಂದ ಓಡಿಹೋದದ್ದು ಅಲ್ಲಿಗೇ. ವೇದಿಕೆಯ ಭಯ ಹೋದದ್ದು ಅಲ್ಲೇ. ಖಾಸಗಿ ಪಾಠದ ಸಪ್ಪೆ ತಿಂಗಳುಗಳನ್ನು ಅವಳು ದಾಟಿದ್ದು ಆ ಒಂದು ವರ್ಷದ ಹುರುಪಿನಿಂದಲೇ ಇರಬಹುದು. ನಾನು ಕೇಳಿದವರಿಗೆ ಹೇಳುವುದು ಇಷ್ಟು. ಫೀಸು ಕೊಡುವ ಮುಂಚೆ ಒಂದು ಕ್ಲಾಸು ಪೂರ್ತಿ ಕೂತು ನೋಡಿ. ಒಂದು ಮಗು ನುಡಿಸುವಾಗ ಉಳಿದವರ ಕಣ್ಣು ಎಲ್ಲಿದೆ ನೋಡಿ. ಎಲ್ಲರೂ ಒಂದೇ ಸಾಲನ್ನು ಒಟ್ಟಿಗೆ ನುಡಿಸುವ ಹೊತ್ತು ಗಂಟೆಯಲ್ಲಿ ಒಮ್ಮೆಯಾದರೂ ಬರುತ್ತದಾ, ರಿದಮ್ ಬಟನ್ ಆಫ್ ಆಗುತ್ತದಾ, ಎಡಗೈಗೆ ಕೆಲಸ ಇದೆಯಾ ಅಂತ ನೋಡಿ. ಆರು ವರ್ಷದ ಮಗು ಹದಿನಾಲ್ಕರವನ ಜೊತೆ ಒಂದೇ ಬ್ಯಾಚಿನಲ್ಲಿದ್ದರೆ ಅದು ಗುಂಪಲ್ಲ. ಇವೆಲ್ಲ ಸರಿಯಿದ್ದರೆ ನಾಲ್ಕರಿಂದ ಏಳು ವರ್ಷದ ಮಗುವಿಗೆ ನಾನು ಗುಂಪನ್ನೇ ಹೇಳುತ್ತೇನೆ, ಖಾಸಗಿ ಪಾಠಕ್ಕೆ ದುಡ್ಡಿದ್ದರೂ.

ತಮ್ಮನ ವಿಷಯದಲ್ಲಿ ಮನೆಯವರೂ ಅದನ್ನೇ ಯೋಚಿಸುತ್ತಿದ್ದಾರೆ. ಅಮ್ಮ ಹಳೆಯ ಕ್ಲಾಸಿನ ಮೇಷ್ಟ್ರನ್ನೇ ಹೋಗಿ ಕೇಳಿದರು: ಐದು ಆರು ವರ್ಷದವರದೇ ಒಂದು ಬ್ಯಾಚ್, ಹೆಡ್‌ಫೋನ್ ಬೇಡ, ಎಲ್ಲರಿಗೂ ಒಂದೇ ಹಾಡು, ಮೊದಲ ಅರ್ಧ ಗಂಟೆ ಚಪ್ಪಾಳೆ ತಾಳ, ಹಾಡುವುದು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಾಲ್ಕು ಮಕ್ಕಳು ಸಿಕ್ಕರೆ ಜೂನ್‌ನಿಂದ ಶುರು ಮಾಡುತ್ತೇನೆ ಅಂದಿದ್ದಾರೆ. ಇಲ್ಲಿಯವರೆಗೆ ಇಬ್ಬರು ಸಿಕ್ಕಿದ್ದಾರೆ.